ಗಾಜಿನ ಹೆಂಚಿಗೆ ಅಡಿಕೆ ಹಾಳೆ, ಇನ್ವರ್ಟರ್ ಮೇಲೊಂದು ಕಣ್ಣು

ಯುದ್ಧದ ಹೊತ್ತಿಗೆ, ಶತ್ರು ವಿಮಾನಕ್ಕೆ ಊರು ಕಾಣದಿರಲಿ ಎಂದು ‘ದೀಪ ಆರಿಸಿ’ ಅಂದಕೂಡಲೇ ಎಲ್ಲರೂ ಕಿಟಕಿಗೆ ಓಡುತ್ತಾರೆ. ನಮ್ಮ ಕಡೆ ಹೆಂಚಿನ ಮನೆಯಲ್ಲಿ ಬೆಳಕು ಸೋರುವುದು ಮಾಡಿನಿಂದ. ಹಾಡಹಗಲಲ್ಲೇ ಬಾಗಿಲು, ಕಿಟಕಿ ಹಾಕಿ ಐದು ನಿಮಿಷ ಒಳಗೆ ನಿಂತು ನೋಡಿ. ಬಿಸಿಲು ಎಲ್ಲಿಂದ ಇಣುಕುತ್ತದೋ ರಾತ್ರಿ ದೀಪ ಅಲ್ಲಿಂದಲೇ ಹೊರಬೀಳುತ್ತದೆ: ಗಾಜಿನ ಹೆಂಚು, ಗೋಡೆಗೂ ಮಾಡಿಗೂ ನಡುವಿನ ಸಂದು, ಬಚ್ಚಲಿನ ಹೊಗೆಗಿಂಡಿ.

ಗಾಜಿನ ಹೆಂಚಿಗೆ ಅಡಿಕೆ ಹಾಳೆ ಸಾಕು. ಒಣ ಹಾಳೆ ಸುರುಳಿಕೊಂಡಿರುತ್ತದೆ. ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಕಲ್ಲು ಹೇರಿ ಮಟ್ಟಸವಾಗಿ ಒಣಗಿಸಿ. ಒಂದೂವರೆ ಅಡಿ ಉದ್ದ, ಒಂದಡಿ ಅಗಲಕ್ಕೆ ಕತ್ತರಿಸಿ ಒಳಗಿನಿಂದಲೇ ರೀಪಿಗೆ ಸುತಳಿಯಲ್ಲಿ ಕಟ್ಟಿ. ಒಲೆಯ ನೆತ್ತಿಗೆ ಮಾತ್ರ ಹಾಳೆ ಬೇಡ, ಕಿಡಿ ಹಾರೀತು, ಅಲ್ಲಿಗೆ ತಗಡು.

ಕಿಟಕಿ ಗಾಜು ಒಡೆದರೂ ಚೂರು ಸಿಡಿಯದಿರಲಿ ಎಂದು ಕಾಗದದ ಪಟ್ಟಿಯನ್ನು ಅಡ್ಡಡ್ಡ ಅಂಟಿಸುವ ಪದ್ಧತಿ ಹಳೆಯದು. ಅಂಟಿಗೆ 4 ಚಮಚ ಮೈದಾವನ್ನು ಮೊದಲು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಒಂದು ಲೋಟ ನೀರಿಗೆ ಹಾಕಿ ಕುದಿಸಿ. ಕರಾವಳಿಯ ತೇವಕ್ಕೆ ಬೂಸ್ಟು ಬರುತ್ತದೆ, ಜಿರಲೆಯೂ ತಿನ್ನುತ್ತದೆ. ತೋಟಕ್ಕೆ ತಂದ ಮೈಲುತುತ್ತ ಚಿಟಿಕೆ ಬೆರೆಸಿದರೆ ತಡೆಯುತ್ತದೆ. ಅದು ವಿಷ, ಆ ಪಾತ್ರೆ ಮತ್ತೆ ಅಡುಗೆಗೆ ಬೇಡ.

1971ರ ಯುದ್ಧ ನಡೆದದ್ದು ಡಿಸೆಂಬರ್ 3ರಿಂದ 16. ಶಿರಸಿಯ ಆ ಚಳಿಯಲ್ಲಿ ಕಿಟಕಿ ಬಿಗಿದು ಕೂರುವುದು ಕಷ್ಟವೇ ಅಲ್ಲ. 2025ರಲ್ಲಿ ದೇಶದ ಹಲವೆಡೆ ಇಂಥ ಯುದ್ಧಕಾಲದ ಸಿದ್ಧತೆಯ ಅಣಕು ತಾಲೀಮು ನಡೆದದ್ದು ಮೇ 7ಕ್ಕೆ. ಕದಂಬ ನೌಕಾನೆಲೆ, ಕೈಗಾ ಸ್ಥಾವರ ಎರಡೂ ಹತ್ತಿರವಿರುವ ಕಾರವಾರದಲ್ಲಿ, ಆ ಸೆಕೆಯಲ್ಲಿ ಹಾಗೆ ಕೂತರೆ ಮುದುಕರೂ ಕೂಸುಗಳೂ ಬೇಯುತ್ತಾರೆ. ದೀಪ ಪೂರ್ತಿ ಆರಿಸಿ, ಕಿಟಕಿ ತೆರೆದಿಡುವುದೇ ವಾಸಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಮಾತ್ರ ಯಾವ ಕಾಲಕ್ಕೂ ಕೂಡದು, ಅದರ ವಿಷಗಾಳಿಗೆ ವಾಸನೆಯೇ ಇಲ್ಲ.

ಈಗಿನ ಫಜೀತಿ ತಾನಾಗಿ ಹತ್ತುವ ದೀಪಗಳದ್ದು. ಮೇನ್ ಸ್ವಿಚ್ ತೆಗೆದರೆ ಮುಗಿಯಿತು ಅಂದುಕೊಂಡಿರುತ್ತೀರಿ, ಇನ್ವರ್ಟರ್ ಅದನ್ನೇ ಕಾಯುತ್ತಿರುತ್ತದೆ. ಒಂದೊಂದೇ ಸ್ವಿಚ್ ಆರಿಸಿ, ಇನ್ವರ್ಟರನ್ನೂ ಆರಿಸಿ. ಅಂಗಳದ ಸೋಲಾರ್ ದೀಪಕ್ಕೆ ಗೋಣಿಚೀಲ ತೊಡಿಸಿ. ಟ್ರಾನ್ಸಿಸ್ಟರ್ ಇದ್ದರೆ ಸೆಲ್ ಬೇರೆ ಇಡಿ. ಉಪ್ಪುಗಾಳಿಗೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ.

ಇನ್ನು ಹೊತ್ತು ಕಳೆಯುವುದು. ಮೊಬೈಲ್ ಪರದೆಯೂ ಬೆಳಕೇ ತಾನೆ? ಕತ್ತಲಿಗೆ ಚೆನ್ನೆಮಣೆಯಂಥ ಆಟ ಬೇರೆ ಇಲ್ಲ, ಬೆರಳೇ ಕಣ್ಣು. 14 ಗುಳಿ, ಗುಳಿಗೆ 4ರಂತೆ 56 ಹುಣಸೆಬೀಜ. ಗುಲಗಂಜಿ ಬೇಡ: ಕತ್ತಲಲ್ಲಿ ಜಾರುತ್ತದೆ, ಮಕ್ಕಳು ಕಚ್ಚಿ ನುಂಗಿದರೆ ವಿಷ. ಎಡಗೈಯ ತೋರುಬೆರಳನ್ನು ಮುಂದಿನ ಗುಳಿಯ ಅಂಚಿಗಿಟ್ಟು ಬಲಗೈಯಲ್ಲಿ ಬೀಜ ಬಿಡಿ, ಗುಳಿ ತಪ್ಪುವುದಿಲ್ಲ. ಮಣೆಯ ಕೆಳಗೆ ಚಾಪೆಯಿರಲಿ. ಕೊನೆಗೆ ಎಣಿಸಿದಾಗ 56 ಬರದಿದ್ದರೆ ಮೊದಲು ಚಾಪೆ ಕೊಡವಿ, ಆಮೇಲೆ ಮೊಮ್ಮಕ್ಕಳ ಜೇಬು ತಡವಿ.