ಗುಡಿಸಿದಷ್ಟೂ ಜಾಸ್ತಿಯಾದ ಉಬ್ಬಸ

ಮಗಳಿಗೆ ಉಬ್ಬಸ ಅಂತ ಗೊತ್ತಾದಾಗ ನಾನು ಮೊದಲು ಮಾಡಿದ್ದು, ದಿನಕ್ಕೆ ಎರಡು ಸಲ ಮನೆ ಗುಡಿಸಿದ್ದು. ಅವಳಿಗೆ ಜಾಸ್ತಿಯೇ ಆಯಿತು.

ಸಾಗರದ ನಮ್ಮ ಹಳೇ ಮನೆಯಲ್ಲಿ ಗಾಜಿನ ಹೆಂಚಿನಿಂದ ಬೆಳಗ್ಗೆ ಒಂದು ಬಿಸಿಲುಕೋಲು ಒಳಗೆ ಬೀಳುತ್ತದೆ. ಒಂದು ದಿನ ಗುಡಿಸಿ ಮುಗಿಸಿ ಸೊಂಟ ನೆಟ್ಟಗೆ ಮಾಡಿದೆ. ಬಿಸಿಲುಕೋಲಿನ ತುಂಬ ಧೂಳು ಕುಣಿಯುತ್ತಿತ್ತು. ನೆಲದಲ್ಲಿ ಸುಮ್ನೆ ಬಿದ್ದಿದ್ದನ್ನು ಎಬ್ಬಿಸಿ ಅವಳ ಮೂಗಿನ ತನಕ ತಂದವಳು ನಾನೇ ಅಲ್ವಾ! ಈಗ ಒಣ ಪೊರಕೆ ಅಂಗಳಕ್ಕೆ ಮಾತ್ರ. ಒಳಗೆ ಒದ್ದೆ ಬಟ್ಟೆ, ಅದೂ ಅವಳು ಶಾಲೆಗೆ ಹೋದ ಮೇಲೆ.

ಆದರೆ ನೆಲಕ್ಕಿಂತ ದೊಡ್ಡ ತಲೆನೋವು ಹಾಸಿಗೆ. ಕಣ್ಣಿಗೆ ಕಾಣದ ಧೂಳಿನ ಹುಳಗಳು ಹಾಸಿಗೆ, ದಿಂಬು, ಕಂಬಳಿಯಲ್ಲಿ ಮನೆ ಮಾಡಿ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುತ್ತವೆ. ಅವುಗಳ ಹಿಕ್ಕೆಯೇ ಅಲರ್ಜಿ ಎಬ್ಬಿಸುವುದು. ತೇವ ಅಂದರೆ ಅವಕ್ಕೆ ಹಬ್ಬ, ನಮ್ಮಲ್ಲೋ ಜೂನ್‌ನಿಂದ ಸೆಪ್ಟೆಂಬರ್ ತನಕ ತೇವವೇ. ತಣ್ಣೀರಲ್ಲಿ ಒಗೆದರೆ ಕೊಳೆ ಹೋಗುತ್ತದೆ, ಹುಳ ಸಾಯುವುದಿಲ್ಲ. ಸುಮಾರು 60 ಡಿಗ್ರಿ ಬಿಸಿ ಬೇಕು. ನಮಗೆ ಬಚ್ಚಲ ಹಂಡೆ ಇದೆಯಲ್ಲ! ವಾರಕ್ಕೊಮ್ಮೆ ಕೈ ಇಡಲಾಗದಷ್ಟು ಬಿಸಿ ನೀರಲ್ಲಿ ಹೊದಿಕೆ, ದಿಂಬಿನ ಕವರ್ ಮುಳುಗಿಸಿ, ಕೋಲಿನಿಂದ ತಿರುವುತ್ತೇನೆ. ಒಲೆಯ ಹೊಗೆ ಒಳಗೆ ಬರದಂತೆ ಬಚ್ಚಲ ಬಾಗಿಲು ಹಾಕಿರುತ್ತೇನೆ. ಉಣ್ಣೆ ಕಂಬಳಿಗೆ ಈ ಉಪಚಾರ ಆಗದು, ಹಾಗಾಗಿ ಅದರ ಬದಲು ಹಳೇ ಸೀರೆಯ ಕೌದಿ ಬಂತು.

ಆಮೇಲೆ ಬೂಷ್ಟು. ಬೀರು ಸರಿಸಿ ನೋಡಿದರೆ ಹಿಂದಿನ ಗೋಡೆ ಪೂರ್ತಿ ಕಪ್ಪು. ಸಿಟ್ಟಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ಬಕೆಟ್‌ಗೇ ಬಚ್ಚಲು ತೊಳೆಯುವ ಆಸಿಡ್ ಸುರಿದೆ. ಕ್ಲೋರಿನ್ ಅನಿಲ ಎದ್ದಿತು. ಕಣ್ಣು, ಗಂಟಲು ಉರಿದು ಅಂಗಳಕ್ಕೆ ಓಡಿದೆ. ಪುಣ್ಯಕ್ಕೆ ಮಗಳು ಮನೆಯಲ್ಲಿರಲಿಲ್ಲ. ಅವೆರಡನ್ನೂ ಯಾವತ್ತೂ ಬೆರೆಸಬೇಡಿ. ಈಗ ಸೋಪಿನ ನೀರಲ್ಲಿ ಉಜ್ಜಿ ಚೆನ್ನಾಗಿ ಒಣಗಿಸುತ್ತೇನೆ, ಅಷ್ಟೇ. ಒಡೆದ ಹೆಂಚು ಬದಲಿಸಿ, ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದ ಮೇಲೆ ಬೂಷ್ಟು ಕಮ್ಮಿಯಾಗಿದೆ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಒಣಗುವುದು ಜಗಲಿಯಲ್ಲಿ, ಮಲಗುವ ಕೋಣೆಯಲ್ಲಲ್ಲ.

ಸೊಳ್ಳೆ ಬತ್ತಿ ಬಿಡುವುದು ಸುಲಭವಾಯಿತು, ಸೊಳ್ಳೆಪರದೆ ಕಟ್ಟಿದೆವು. ಊದಿನಕಡ್ಡಿಯದೇ ಕಷ್ಟ. “ಊದಿನಕಡ್ಡಿ ಇಲ್ದೆ ಎಂಥಾ ಪೂಜೆಯೇ?” ಅಂತ ಅತ್ತೆ ಮುನಿಸಿಕೊಂಡರು. ಒಂದು ರಾತ್ರಿ ಮೊಮ್ಮಗಳ ಎದೆಯ ಸುಂಯ್‌ಸುಂಯ್ ಸದ್ದು ಕೇಳುತ್ತಾ ಪಕ್ಕದಲ್ಲಿ ಕೂತವರು, ಮರುದಿನ ತಾವೇ ಕಡ್ಡಿಯನ್ನು ತುಳಸಿಕಟ್ಟೆಗೆ ಒಯ್ದರು.

ಡಾಕ್ಟರ್ ಕೊಟ್ಟ ಇನ್ಹೇಲರ್ ನಿಲ್ಲಿಸಿಲ್ಲ, ಅವರು ಹೇಳುವ ತನಕ ನಿಲ್ಲಿಸುವುದೂ ಇಲ್ಲ. ರಾತ್ರಿ ಎದ್ದು ಕೂರುವುದು ಮಾತ್ರ ಕಮ್ಮಿಯಾಗಿದೆ. ಅಟ್ಟ ಇನ್ನೂ ಹಾಗೇ ಇದೆ. ರಜೆಯಲ್ಲಿ ಅವಳು ಅಜ್ಜಿಮನೆಗೆ ಹೋದಾಗ ಅದಕ್ಕೆ ಕೈ ಹಾಕಬೇಕು.