ನಾಲ್ಕು ಗಂಟೆಗೆ ಏಳುವವರ ಅಂಡಮಾನ್ ರಜೆ

ಮಂಡ್ಯದ ಗುತ್ತಲು ರಸ್ತೆ ಕಡೆ ನಮ್ಮದೊಂದು ಸಣ್ಣ ತಿಂಡಿ ಹೋಟೆಲ್ ಇದೆ. ಇಡ್ಲಿ, ದೋಸೆ, ರೈಸ್‌ಬಾತ್, ಕಾಫಿ. ಇಪ್ಪತ್ತೊಂದು ವರ್ಷದಿಂದ ನಾನು ಮತ್ತು ನಮ್ಮ ಯಜಮಾನರು ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಿದ್ದೇವೆ. ಅವರು ಒಲೆ ಹಚ್ಚುತ್ತಾರೆ, ನಾನು ಚಟ್ನಿಗೆ ಕಾಯಿ ತುರಿಯಲು ಕೂರುತ್ತೇನೆ. ಆರಕ್ಕೆ ಮೊದಲ ಗಿರಾಕಿ. ಹಬ್ಬದ ದಿನ ಅರ್ಧ ರಜೆ ಬಿಟ್ಟರೆ ಬೇರೆ ರಜೆ ಇರಲಿಲ್ಲ. ನಾವು ನೋಡಿದ ದ್ವೀಪ ಅಂದರೆ ಶ್ರೀರಂಗಪಟ್ಟಣ. ಕಾವೇರಿ ಎರಡು ಕವಲಾಗಿ ಸುತ್ತಿ ಹರಿದು ಆದ ದ್ವೀಪ ಅದು. ವರ್ಷಕ್ಕೊಮ್ಮೆ ಸಂಗಮದಲ್ಲಿ ಕಾಲು ಮುಳುಗಿಸಿ ಬರುತ್ತಿದ್ದೆವು, ಅಷ್ಟೇ.

ಕಳೆದ ಬಾರಿ ಮಾಘ ಹುಣ್ಣಿಮೆ ಹೊತ್ತಿಗೆ ಎಂಟು ದಿನ ಬಾಗಿಲು ಹಾಕಿ ಅಂಡಮಾನ್‌ಗೆ ಹೋಗಿ ಬಂದೆವು. ಇಬ್ಬರೇ. ಸುಸ್ತಾಗಿ ಬರಲಿಲ್ಲ, ಹಗುರಾಗಿ ಬಂದೆವು. ಹೇಗೆ ಮಾಡಿದೆವು ಅಂತ ಅಂಗಡಿ ನಡೆಸುವ ನಾಲ್ಕೈದು ಜನ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು. ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷ ಚೀಟಿ ಕಟ್ಟಿದ್ದೆ. ಅದು ಮನೆ ಖರ್ಚಿಗಲ್ಲ ಅಂತ ಮೊದಲೇ ಮಾತಾಗಿತ್ತು. ಬೆಂಗಳೂರಿನಿಂದ ವಿಮಾನ, ಹಡಗು, ರೂಮು, ಊಟ, ಸ್ಕೂಟರ್ ಬಾಡಿಗೆ ಎಲ್ಲ ಸೇರಿ ಇಬ್ಬರಿಗೆ ಸುಮಾರು 68,000 ಆಯಿತು. ಮೂರು ತಿಂಗಳು ಮೊದಲೇ ಟಿಕೆಟ್ ಮಾಡಿದ್ದರಿಂದ ಇಷ್ಟಕ್ಕೆ ಮುಗಿಯಿತು.

ದುಡ್ಡಿಗಿಂತ ಕಷ್ಟವಾಗಿದ್ದು ಬಾಗಿಲು ಹಾಕುವುದು. ಯಾರಿಗಾದರೂ ವಹಿಸಿ ಹೋಗೋಣ ಅಂತ ಇವರು ಅಂದರು. ನಾನು ಬೇಡ ಅಂದೆ. ವಹಿಸಿ ಹೋದರೆ ದಿನಕ್ಕೆ ಹತ್ತು ಫೋನ್ ಬರುತ್ತದೆ. ಅಕ್ಕಿ ಎಲ್ಲಿದೆ, ಗ್ಯಾಸ್ ಮುಗಿಯಿತು, ಗ್ರೈಂಡರ್ ತಿರುಗುತ್ತಿಲ್ಲ. ಮೈ ದ್ವೀಪದಲ್ಲಿ, ಮನಸ್ಸು ಗುತ್ತಲು ರಸ್ತೆಯಲ್ಲಿ. ಪೂರ್ತಿ ಮುಚ್ಚಿದರೆ ಮಾತ್ರ ನೆಮ್ಮದಿ. ಒಂದು ತಿಂಗಳು ಮುಂಚೆಯೇ ಗಲ್ಲಾ ಪಕ್ಕ ರಜೆಯ ದಿನಾಂಕ ಬರೆದು ಅಂಟಿಸಿದೆವು. ಹಾಲಿನವರಿಗೆ, ಹೂವಿನಮ್ಮನಿಗೆ, ತೆಂಗಿನಕಾಯಿ ಕೊಡುವವರಿಗೆ ಬಾಯಲ್ಲಿ ಹೇಳಿದೆವು. ಕೆಲಸದ ಇಬ್ಬರಿಗೂ ಎಂಟು ದಿನದ ಸಂಬಳ ಕೈಗೆ ಕೊಟ್ಟೆವು. ನಮಗೆ ರಜೆ ಅಂತ ಅವರ ಹೊಟ್ಟೆ ಮೇಲೆ ಹೊಡೆಯಬಾರದು, ಅಲ್ವಾ? ಕೊನೆಯ ದಿನ ಹಿಟ್ಟು ಪೂರ್ತಿ ಖಾಲಿ ಮಾಡಿ, ಗ್ರೈಂಡರ್ ತೊಳೆದು ಒಣಗಿಸಿ, ಗ್ಯಾಸ್ ಬಂದ್ ಮಾಡಿ ಬೀಗ ಹಾಕಿದೆವು. ಕೇಳಿದ ಗಿರಾಕಿಗಳೆಲ್ಲ ಒಂದೇ ಮಾತು ಹೇಳಿದರು: ಹೋಗಿ ಬನ್ನಿ ಅಮ್ಮ, ಇಡ್ಲಿ ಎಲ್ಲಿ ಹೋಗುತ್ತೆ.

ಆಮೇಲೆ ಎಲ್ಲೆಲ್ಲಿ ಹೋಗಬೇಕು ಅನ್ನುವ ಮಾತು. ಒಬ್ಬ ಏಜೆಂಟ್ ಆರು ದಿನಕ್ಕೆ ಹದಿಮೂರು ಜಾಗದ ಪಟ್ಟಿ ಕೊಟ್ಟರು. ಓದಿಯೇ ಇವರಿಗೆ ಸುಸ್ತಾಯಿತು. "ಇದು ನಮ್ಮ ಹೋಟೆಲ್‌ಗಿಂತ ಜಾಸ್ತಿ ಕೆಲಸ ಕಣೇ" ಅಂದರು. ಆ ಪಟ್ಟಿ ಬಿಟ್ಟೆವು. ಐದು ರಾತ್ರಿ ಹ್ಯಾವ್ಲಾಕ್ ದ್ವೀಪದಲ್ಲಿ, ಒಂದೇ ರೂಮಿನಲ್ಲಿ. ಕೊನೆಯ ಒಂದು ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ. ಬೇರೇನೂ ಇಲ್ಲ. ಮಗಳು ಫೋನಿನಲ್ಲೇ ಎಲ್ಲ ಬುಕ್ ಮಾಡಿಕೊಟ್ಟಳು. ಹ್ಯಾವ್ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಅಂತ ಹೆಸರು. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಇಟ್ಟರು. ಟಿಕೆಟ್‌ನಲ್ಲಿ ಯಾವ ಹೆಸರು ಬಂದರೂ ಗಾಬರಿ ಬೇಡ, ಊರು ಅದೇ.

ರಾತ್ರಿ ಬಸ್ಸಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣ, ಬೆಳಿಗ್ಗೆ ವಿಮಾನ. ಎರಡೂವರೆ ಗಂಟೆಗೆ ಸ್ವಲ್ಪ ಜಾಸ್ತಿ ಹಾರಾಟ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್ಲಾಕ್‌ಗೆ ಸುಮಾರು 40 ಕಿಲೋಮೀಟರ್ ಸಮುದ್ರ. ಖಾಸಗಿ ಹಡಗು ಒಂದೂವರೆ ಗಂಟೆಯಲ್ಲಿ ಬಿಡುತ್ತದೆ. ಸರ್ಕಾರಿ ಹಡಗಿಗೆ ದುಡ್ಡು ಕಡಿಮೆ, ಹೊತ್ತು ಜಾಸ್ತಿ. ಇಲ್ಲಿ ನಾನೊಂದು ತಪ್ಪು ಮಾಡಿದೆ. ಹಡಗು ಹತ್ತುವ ಮುಂಚೆ ಹೊಟ್ಟೆ ತುಂಬ ಪೂರಿ ತಿಂದೆ. ಅರ್ಧ ದಾರಿಯಲ್ಲಿ ಹೊಟ್ಟೆ ತೊಳಸಿ ವಾಂತಿ ಬಂತು. ಕೆಳಗಡೆ, ನಡುವಿನ ಸೀಟಿನಲ್ಲಿ ಕುಳಿತರೆ ಅಲ್ಲಾಟ ಕಡಿಮೆ. ದೂರದಲ್ಲಿ ಆಕಾಶ ನೀರು ಸೇರುವ ಗೆರೆ ನೋಡುತ್ತಿರಬೇಕು, ಫೋನ್ ನೋಡಬಾರದು. ವಾಪಸ್ ಬರುವಾಗ ಎರಡು ಬಾಳೆಹಣ್ಣು ತಿಂದು, ಅರ್ಧ ಗಂಟೆ ಮೊದಲು ವಾಂತಿ ಮಾತ್ರೆ ನುಂಗಿದೆ. ಏನೂ ಆಗಲಿಲ್ಲ.

ನಮ್ಮ ರೂಮು ವಿಜಯನಗರ ಬೀಚ್ ಪಕ್ಕ ಇತ್ತು. ಅಲ್ಲಿನವರು ಐದನೇ ನಂಬರ್ ಬೀಚ್ ಅನ್ನುತ್ತಾರೆ. ನಾವು ಮುಟ್ಟಿದಾಗ ಮಧ್ಯಾಹ್ನ ಮೂರೂವರೆ. ಬ್ಯಾಗ್ ಇಟ್ಟು ಓಡಿ ಹೋದರೆ ಸಮುದ್ರವೇ ಇಲ್ಲ. ಬರೀ ಕಲ್ಲು, ಹವಳದ ತುಂಡು, ಅಲ್ಲಲ್ಲಿ ಗುಂಡಿ ನೀರು. "ಕೆರೆ ಬತ್ತಿದ ಹಾಗಿದೆಯಲ್ಲೇ" ಅಂದರು ಇವರು. ನನಗೆ ಅಳು ಬರುವುದೊಂದು ಬಾಕಿ. ರೂಮಿನ ಬಂಗಾಳಿ ಹುಡುಗ ಹರಕು ಹಿಂದಿಯಲ್ಲಿ ಸಮಾಧಾನ ಹೇಳಿದ: ಈಗ ಇಳಿತ, ಬೆಳಿಗ್ಗೆ ನೋಡಿ.

ಆ ಹುಡುಗ ಕಲಿಸಿದ ಪಾಠವೇ ನಮ್ಮ ರಜೆಯನ್ನು ಕಾಪಾಡಿತು. ಸಮುದ್ರ ದಿನಕ್ಕೆ ಎರಡು ಸಲ ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗೆ ಸ್ವಲ್ಪ ಮೇಲೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಚಂದ್ರ ತಡವಾಗಿ ಹುಟ್ಟುವ ಹಾಗೆಯೇ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ನಮ್ಮ ಮೊದಲ ಬೆಳಿಗ್ಗೆ ಎಂಟೂವರೆಗೆ ನೀರು ತುಂಬಿತ್ತು. ಹೊರಡುವ ಬೆಳಿಗ್ಗೆ ಹನ್ನೊಂದೂವರೆ ಆಗಿತ್ತು. ನೀರು ತುಂಬಿದಾಗ ಆ ದಡ ಬೇರೆಯೇ ಊರು. ತೆಂಗಿನ ಮರದ ಬುಡದವರೆಗೂ ತಿಳಿ ಹಸಿರು ನೀರು, ಅಲೆಯೇ ಇಲ್ಲ. ನನಗೆ ಈಜು ಬರುವುದಿಲ್ಲ. ಸೊಂಟದಷ್ಟು ನೀರಿನಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಸುಮ್ನೆ ತೇಲಿದೆ. ಕಿವಿ ನೀರಿನೊಳಗೆ, ಮುಖ ಆಕಾಶಕ್ಕೆ. ನನ್ನ ಉಸಿರು ನನಗೆ ಕೇಳಿಸಿತು. ಎಷ್ಟು ವರ್ಷವಾಗಿತ್ತೋ ಅದನ್ನು ಕೇಳಿ.

ಆಮೇಲಿನಿಂದ ನಮ್ಮ ದಿನಕ್ಕೆ ಗಡಿಯಾರ ಬೇಕಾಗಲಿಲ್ಲ. ನೀರು ಬಂದಾಗ ನೀರಿಗೆ. ನೀರು ಹೋದಾಗ ಊಟ, ನಿದ್ದೆ, ಮರದ ನೆರಳು. ಇಳಿತದಲ್ಲಿ ಬರಿಗಾಲಲ್ಲಿ ಮಾತ್ರ ನಡೆಯಬೇಡಿ. ಎರಡನೇ ದಿನ ಇವರ ಪಾದಕ್ಕೆ ಹವಳ ತಾಗಿ ಕುಯ್ದುಹೋಯಿತು. ಹವಳದ ಗಾಯ ಬೇಗ ಒಣಗುವುದಿಲ್ಲ, ಚೆನ್ನಾಗಿ ತೊಳೆದು ಮುಲಾಮು ಹಚ್ಚಬೇಕು. ಪಾದಕ್ಕೆ ಗಟ್ಟಿಯಾಗಿ ನಿಲ್ಲುವ ಚಪ್ಪಲಿ ಇರಲಿ. ನಮ್ಮ ಕಾಲಿಗಷ್ಟೇ ಅಲ್ಲ, ಹವಳಕ್ಕೂ ಜೀವ ಇದೆ. ತುಳಿದರೆ ಸಾಯುತ್ತದೆ.

ಇನ್ನೊಂದು ವಿಷಯ ನಾನು ಯೋಚಿಸಿಯೇ ಇರಲಿಲ್ಲ. ರಜೆಯಲ್ಲಿ ಎಂಟರವರೆಗೂ ಮಲಗಬೇಕು ಅಂತ ಇವರಿಗೆ ಆಸೆ ಇತ್ತು. ಆದರೆ ಮೈಗೆ ರಜೆ ಗೊತ್ತಾಗುವುದಿಲ್ಲವಲ್ಲ. ಮೊದಲ ದಿನವೇ ನಾಲ್ಕಕ್ಕೆ ಇಬ್ಬರಿಗೂ ಎಚ್ಚರ. ಸುಮ್ನೆ ಹೊರಳಾಡುವ ಬದಲು ಎದ್ದು ದಡಕ್ಕೆ ಹೋದೆವು. ಐದೂಕಾಲಿಗೆ ಪೂರ್ವದಲ್ಲಿ ಬೆಳಕು! ಆರಕ್ಕೆ ಕಾಲು ಗಂಟೆ ಇರುವಾಗಲೇ ಸೂರ್ಯ ನೀರಿನಿಂದ ಎದ್ದ. ಮಂಡ್ಯದಲ್ಲಿ ಆ ತಿಂಗಳು ಆರೂಮುಕ್ಕಾಲು ದಾಟಬೇಕು. ಮಗಳು ಫೋನಿನಲ್ಲಿ ವಿವರಿಸಿದಳು. ಮಂಡ್ಯವೂ ಹ್ಯಾವ್ಲಾಕ್ ದ್ವೀಪವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಎರಡೂ 12 ಡಿಗ್ರಿಯ ಆಸುಪಾಸು. ಅದಕ್ಕೇ ಹಗಲಿನ ಉದ್ದ ಒಂದೇ. ಆದರೆ ದ್ವೀಪ ನಮಗಿಂತ 16 ಡಿಗ್ರಿ ಪೂರ್ವಕ್ಕಿದೆ. ಒಂದೊಂದು ಡಿಗ್ರಿ ಪೂರ್ವಕ್ಕೆ ಹೋದಂತೆ ಸೂರ್ಯ ನಾಲ್ಕು ನಿಮಿಷ ಮೊದಲು ಹುಟ್ಟುತ್ತಾನೆ. ಗಡಿಯಾರ ಮಾತ್ರ ದೇಶಕ್ಕೆಲ್ಲ ಒಂದೇ. ಹಾಗಾಗಿ ಅಲ್ಲಿ ಬೆಳಗಾಗುವುದೂ, ಕತ್ತಲಾಗುವುದೂ ಒಂದು ಗಂಟೆಗೂ ಮೊದಲೇ.

ನಾಲ್ಕು ಗಂಟೆಗೆ ಏಳುವ ನಮ್ಮಂಥವರಿಗೆ ಹೇಳಿ ಮಾಡಿಸಿದ ಊರು ಅದು. ಬೇರೆ ಪ್ರವಾಸಿಗರು ಎದ್ದು ಬರುವ ಹೊತ್ತಿಗೆ ನಮ್ಮದು ಎರಡು ಗಂಟೆ ದಡದಲ್ಲಿ ಆಗಿರುತ್ತಿತ್ತು. ಐದು ಬೆಳಿಗ್ಗೆಯೂ ಅದೇ ಜಾಗ, ಅದೇ ಬಿದ್ದ ಮರದ ದಿಮ್ಮಿ. ಮೊದಲೆರಡು ದಿನ ಹೋಟೆಲ್ ಲೆಕ್ಕವೇ ಮಾತು. ಮೂರನೇ ದಿನ ಲೆಕ್ಕ ಮುಗಿಯಿತು. ನಾಲ್ಕನೇ ದಿನ ಇವರು ತಮ್ಮ ಅಪ್ಪನ ಆಲೆಮನೆ ಕಥೆ ಹೇಳಿದರು. ರಾತ್ರಿಯೆಲ್ಲ ಕಬ್ಬಿನ ಹಾಲು ಕಾಯುವಾಗ ಕೊಪ್ಪರಿಗೆ ಪಕ್ಕ ಮಲಗುತ್ತಿದ್ದದ್ದು, ಬಿಸಿ ಬೆಲ್ಲಕ್ಕೆ ಕೈ ಹಾಕಿ ಸುಟ್ಟುಕೊಂಡದ್ದು. ಮದುವೆಯಾಗಿ ಇಪ್ಪತ್ತಾರು ವರ್ಷ. ಆ ಕೈ ಮೇಲಿನ ಕಲೆ ದಿನಾ ನೋಡುತ್ತಿದ್ದೆ. ಒಲೆ ತಾಗಿದ್ದು ಅಂದುಕೊಂಡಿದ್ದೆ.

ಊಟದ ಬಗ್ಗೆ ಹೆದರಬೇಡಿ. ದ್ವೀಪದಲ್ಲಿ ಬಂಗಾಳಿಗಳು ಜಾಸ್ತಿ. ದೇಶ ಇಬ್ಭಾಗವಾದ ಮೇಲೆ ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಮಕ್ಕಳು, ಮೊಮ್ಮಕ್ಕಳು. ಅನ್ನ, ಬೇಳೆ, ಪಲ್ಯ, ಮೀನಿನ ಸಾರು ಎಲ್ಲ ಕಡೆ ಸಿಗುತ್ತದೆ. ಮುದ್ದೆ ಸಿಗಲಿಲ್ಲ, ಇವರಿಗೆ ಅದೊಂದು ಕೊರಗು. ನಾವು ದಿನಾ ಒಂದೇ ಸಣ್ಣ ಹೋಟೆಲ್‌ಗೆ ಹೋದೆವು. ಅಲ್ಲೂ ಗಂಡ ಹೆಂಡತಿಯೇ ನಡೆಸುವುದು. ಆ ಅಮ್ಮ ನನ್ನ ತಟ್ಟೆಗೆ ಎರಡನೇ ಸಲ ಅನ್ನ ಬಡಿಸಿದಾಗ ಗಂಟಲು ಕಟ್ಟಿತು. ನಾನು ಕೂತು, ಬೇರೆಯವರು ನಿಂತು ಬಡಿಸಿದ್ದು ಯಾವಾಗ ಅಂತ ನೆನಪಾಗಲಿಲ್ಲ.

ಸುತ್ತಾಡಿದ್ದು ಎರಡೇ ಸಲ. ಒಂದು ದಿನ ಎಲಿಫೆಂಟ್ ಬೀಚ್‌ಗೆ ದೋಣಿಯಲ್ಲಿ ಹೋಗಿ, ಮುಖಕ್ಕೆ ಕನ್ನಡಕ ಹಾಕಿಕೊಂಡು ನೀರೊಳಗಿನ ಮೀನು ನೋಡಿದೆವು. ಈಜು ಬಾರದಿದ್ದರೂ ಆಗುತ್ತದೆ, ಜೊತೆಗೊಬ್ಬರು ಹಿಡಿದುಕೊಂಡೇ ಇರುತ್ತಾರೆ. ಇನ್ನೊಂದು ಸಲ ಹುಣ್ಣಿಮೆ ಸಂಜೆ, 500 ರೂಪಾಯಿ ಬಾಡಿಗೆ ಸ್ಕೂಟರ್‌ನಲ್ಲಿ ರಾಧಾನಗರ ಬೀಚ್‌ಗೆ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಚೆಂದದ ಬೀಚ್ ಅಂತ ಬರೆದದ್ದು ಇದನ್ನೇ. ಹಿಂದೆ ಎತ್ತರದ ಕಾಡು, ಮುಂದೆ ಹಿಟ್ಟಿನಂಥ ಬಿಳಿ ಮರಳು. ಅದು ಪಶ್ಚಿಮಕ್ಕಿದೆ. ಐದೂವರೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ನಾಲ್ಕಕ್ಕೆಲ್ಲ ಅಲ್ಲಿರಬೇಕು. ಮೊಸಳೆ ಎಚ್ಚರಿಕೆಯ ಫಲಕ ಇರುವ ಕಡೆ ನೀರಿಗೆ ಇಳಿಯಲೇಬೇಡಿ. ಸೂರ್ಯನನ್ನು ಆ ಕಡೆ ಕಳಿಸಿ, ದ್ವೀಪ ದಾಟಿ ಈ ಕಡೆ ಬಂದರೆ ನಮ್ಮ ದಿಮ್ಮಿಯ ಎದುರಿಗೆ ಚಂದ್ರ ಎದ್ದು ಕೂತಿದ್ದ. ಸಮುದ್ರದ ಮೇಲೆ ನಮ್ಮ ಕಾಲಿನವರೆಗೂ ಬೆಳ್ಳಿಯ ಹಾದಿ. ಇವರು ನನ್ನ ಕೈ ಹಿಡಿದುಕೊಂಡರು. ಅಷ್ಟು ಜನರ ನಡುವೆ, ಮಂಡ್ಯದವರು! ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿಂದ ರಾತ್ರಿ ಮಿನುಗುವ ನೀರು ನೋಡುವ ಆಸೆ ಇದ್ದರೆ ಮಾತ್ರ ಅಮಾವಾಸ್ಯೆ ಹತ್ತಿರ ಹೋಗಿ. ಬೆಳದಿಂಗಳಲ್ಲಿ ಅದು ಕಾಣುವುದಿಲ್ಲ.

ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್‌ಗೆ ಬಂದುಬಿಡಿ. ಗಾಳಿ ಜೋರಾದರೆ ಹಡಗು ಬಿಡುವುದಿಲ್ಲ, ವಿಮಾನ ನಮಗಾಗಿ ಕಾಯುವುದಿಲ್ಲ. ಆ ಸಂಜೆ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಸೆಲ್ಯುಲರ್ ಜೈಲ್ ನೋಡಿದೆವು. 1906ರಲ್ಲಿ ಕಟ್ಟಿ ಮುಗಿಸಿದ್ದು, ಕೋಣೆಗಳ ಏಳು ಸಾಲಿನಲ್ಲಿ ಈಗ ಉಳಿದಿರುವುದು ಮೂರು. ಅದೇ ನೀಲಿ ಸಮುದ್ರದ ನಡುವೆ ಒಂದು ಗೋಡೆಯನ್ನಷ್ಟೇ ನೋಡಿಕೊಂಡು ವರ್ಷಗಟ್ಟಲೆ ಕಳೆದವರಿದ್ದರು. ಹೊರಗೆ ಬಂದ ಮೇಲೆ ಬಹಳ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ.

ಮಗಳು ಒಂದು ಶಂಖ ತಾ ಅಂದಿದ್ದಳು. ದಡದಿಂದ ಹವಳ, ಚಿಪ್ಪು ಎತ್ತಿಕೊಂಡು ಬರುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ. ಸಾಗರಿಕಾ ಅನ್ನುವ ಸರ್ಕಾರಿ ಮಳಿಗೆಯಲ್ಲಿ ಕೊಂಡು, ಬಿಲ್ ಜೋಪಾನವಾಗಿ ಇಟ್ಟುಕೊಂಡು ತಂದೆವು. ನಗದು ಸ್ವಲ್ಪ ಜಾಸ್ತಿಯೇ ಇರಲಿ. ದ್ವೀಪದಲ್ಲಿ ಎಟಿಎಂ ಕಡಿಮೆ, ಫೋನಿನಲ್ಲಿ ಕಳಿಸುವುದು ಎಲ್ಲ ಸಲ ಆಗುವುದಿಲ್ಲ. ಹೋಗುವುದಾದರೆ ಜನವರಿಯಿಂದ ಏಪ್ರಿಲ್ ಒಳಗೆ. ಆಮೇಲೆ ಮಳೆ ಹಿಡಿಯುತ್ತದೆ.

ಒಂಬತ್ತನೇ ದಿನ ನಾಲ್ಕಕ್ಕೆ ಎದ್ದು ಬಾಗಿಲು ತೆಗೆದೆವು. ಆರಕ್ಕೆ ಮೊದಲ ಗಿರಾಕಿ ಬಂದಾಗ ಹೊರಗೆ ಇನ್ನೂ ಕತ್ತಲು. "ಅಲ್ಲಿ ಈಗ ಬಿಸಿಲು" ಅಂದರು ಇವರು, ಇಡ್ಲಿ ತಟ್ಟೆಗೆ ಹಿಟ್ಟು ಹುಯ್ಯುತ್ತಾ. ನೀಲ್ ದ್ವೀಪ ನೋಡುವುದು ಬಾಕಿ ಇದೆ. ಹೋದ ತಿಂಗಳಿಂದ ಮತ್ತೆ ಚೀಟಿ ಕಟ್ಟುತ್ತಿದ್ದೇನೆ.