ಸಿರಿಂಜ್ ಮೇಲೆ ಮೊದಲೇ ಕೂತಿದ್ದ 5.7 ಕಿಲೋ

ತಾಪ ಬದಲಾಗದೆ ಒತ್ತಡ ಎರಡರಷ್ಟಾದರೆ ಅನಿಲದ ಗಾತ್ರ ಅರ್ಧಕ್ಕೆ ಇಳಿಯುತ್ತದೆ. ಬಾಯ್ಲ್ ನಿಯಮ ಅಂತ ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಲೆಕ್ಕಗಳನ್ನೂ ಸರಿಯಾಗಿ ಬಿಡಿಸುತ್ತಿದ್ದೆ. ಆದರೆ ಒಂದು ಸಲವೂ ಕೈಯಾರೆ ಅಳೆದು ನೋಡಿರಲಿಲ್ಲ. ಈಚೆಗೆ ಸ್ವಲ್ಪ ಬಿಡುವು ಸಿಕ್ಕಾಗ ಅದನ್ನೇ ಮಾಡಲು ಕೂತೆ.

ಸಾಮಾನು ಜಾಸ್ತಿ ಬೇಕಾಗಲಿಲ್ಲ. ಸೂಜಿ ಇಲ್ಲದ 60 ಮಿ.ಲೀ. ಸಿರಿಂಜ್, ಅದನ್ನು ನೆಟ್ಟಗೆ ನಿಲ್ಲಿಸಲು ಒಂದು ಸ್ಟ್ಯಾಂಡ್, ಕೆಲವು ತೂಕದ ಬಟ್ಟುಗಳು. ಒಳಗೆ 50 ಮಿ.ಲೀ. ಗಾಳಿ ಉಳಿಸಿಕೊಂಡು, ಮೂತಿಗೆ ಅಂಟು ತುಂಬಿ ಒಂದು ರಾತ್ರಿ ಒಣಗಲು ಬಿಟ್ಟೆ. ಮರುದಿನ ಪ್ಲಂಜರ್ ತಲೆಯ ಮೇಲೆ ಒಂದು ಚಿಕ್ಕ ಹಲಗೆ ಕೂರಿಸಿ, ಅದರ ಮೇಲೆ ಬಟ್ಟು ಇಡುತ್ತಾ ಹೋದೆ.

2 ಕಿಲೋ ಇಟ್ಟಾಗ ಗಾಳಿ 37 ಮಿ.ಲೀ.ಗೆ ಇಳಿಯಿತು. ಹಾಗಾದರೆ 4 ಕಿಲೋ ಇಟ್ಟರೆ 18ರ ಆಸುಪಾಸು ಬರಬೇಕು, ಅಲ್ವಾ? ಬಂದಿದ್ದು 29.5. ಎಲ್ಲೋ ಗಾಳಿ ಸೋರುತ್ತಿದೆಯಾ ಅಂತ ಸಿರಿಂಜನ್ನು ನೀರಲ್ಲಿ ಮುಳುಗಿಸಿ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಸೋರಿದ್ದರೆ ಗಾತ್ರ ಇನ್ನೂ ಕಡಿಮೆಯಾಗಬೇಕಿತ್ತು, ಇಲ್ಲಿ ಜಾಸ್ತಿ ಇದೆ. ಪ್ಲಂಜರ್ ಬಿಗಿಯಾಗಿದೆಯಾ ಅಂತ ರಬ್ಬರಿಗೆ ಸಿಲಿಕೋನ್ ಎಣ್ಣೆ ಸವರಿದೆ. ಹೆಚ್ಚೇನೂ ಬದಲಾಗಲಿಲ್ಲ.

ಆಮೇಲೆ ಗ್ರಾಫ್ ಹಾಳೆ ತಗೊಂಡೆ. ಕೆಳಗಿನ ಗೆರೆಯಲ್ಲಿ ಬಟ್ಟಿನ ತೂಕ, ನಿಂತ ಗೆರೆಯಲ್ಲಿ 50ನ್ನು ಗಾತ್ರದಿಂದ ಭಾಗಿಸಿದ ಉತ್ತರ. ಚುಕ್ಕಿಗಳೆಲ್ಲ ಒಂದೇ ನೇರ ಗೆರೆಯಲ್ಲಿ ಬಂದು ಕೂತವು. ಆದರೆ ಆ ಗೆರೆ ಸೊನ್ನೆಯ ಮೂಲಕ ಹಾಯುತ್ತಿರಲಿಲ್ಲ. ಅಳತೆಪಟ್ಟಿ ಇಟ್ಟು ಎಡಕ್ಕೆ ಎಳೆಯುತ್ತಾ ಹೋದೆ. ಅದು ಕೆಳಗಿನ ಗೆರೆಯನ್ನು ಮುಟ್ಟಿದ್ದು ಸೊನ್ನೆಗಿಂತ 5.7 ಕಿಲೋ ಹಿಂದೆ.

ಈ 5.7 ಎಲ್ಲಿಂದ ಬಂತು ಅಂತ ಹೊಳೆದಾಗ ನನಗಾದ ಖುಷಿ ಹೇಳತೀರದು. ಸಿರಿಂಜಿನಲ್ಲಿ 50 ಮಿ.ಲೀ. ಅಂದರೆ 9 ಸೆಂ.ಮೀ. ಉದ್ದ. 50ನ್ನು 9ರಿಂದ ಭಾಗಿಸಿದರೆ ಪ್ಲಂಜರ್ ಮುಖದ ವಿಸ್ತೀರ್ಣ ಸುಮಾರು 5.5 ಚದರ ಸೆಂ.ಮೀ. ಸಮುದ್ರ ಮಟ್ಟದಲ್ಲಿ ಒಂದು ಚದರ ಸೆಂ.ಮೀ. ಮೇಲೆ ವಾತಾವರಣ ಒತ್ತುವುದು 1 ಕಿಲೋಗಿಂತ ತುಸು ಜಾಸ್ತಿ ಭಾರದಷ್ಟು. ಅಂದರೆ ನಾನು ಮೊದಲ ಬಟ್ಟು ಇಡುವ ಮುಂಚೆಯೇ ಅಲ್ಲಿ 5.7 ಕಿಲೋ ಕೂತಿತ್ತು! ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೆ. 2 ಕಿಲೋ ಇಟ್ಟಾಗ ನಿಜವಾದ ಭಾರ 7.7, 4 ಇಟ್ಟಾಗ 9.7. ಈಗ ಗುಣಿಸಿ ನೋಡಿ. 50 ಸಲ 5.7 ಅಂದರೆ 285. 37 ಸಲ 7.7 ಕೂಡ 285ರ ಹತ್ತಿರವೇ. 29.5 ಸಲ 9.7 ಅಂದರೆ 286. 6 ಕಿಲೋ ಇಟ್ಟಾಗ 24.4 ಮಿ.ಲೀ. ಬಂದಿತ್ತು, ಅದೂ 285.

ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ಪಟ್ಟಿಯನ್ನು ಆಮೇಲೆ ನೋಡಿದೆ. ಬಾಗಿದ ಗಾಜಿನ ಕೊಳವೆಗೆ ಪಾದರಸ ಸುರಿದು ಗಾಳಿಯನ್ನು ಅದುಮಿದ ಪ್ರಯೋಗ ಅದು. ಪಾದರಸದ ಎತ್ತರ ಬರೆದ ಪ್ರತಿ ಸಾಲಿಗೂ ಅವರು ವಾತಾವರಣದ ಲೆಕ್ಕ ಅಂತ 29 ಇಂಚಿಗಿಂತ ಸ್ವಲ್ಪ ಜಾಸ್ತಿ ಕೂಡಿಸಿದ್ದಾರೆ. ನಾನು ಮರೆತಿದ್ದು ಅದನ್ನೇ.

ನೀವೂ ಮಾಡುವುದಾದರೆ ಒಂದು ಮಾತು. ಬಟ್ಟು ಇಟ್ಟ ತಕ್ಷಣ ಓದಬೇಡಿ. ಗಾಳಿಯನ್ನು ಬೇಗ ಅದುಮಿದರೆ ಅದು ಕೊಂಚ ಬಿಸಿಯಾಗುತ್ತದೆ, ತಣಿಯಲು ಒಂದು ನಿಮಿಷ ಬೇಕು. ಪ್ಲಂಜರನ್ನು ಒಮ್ಮೆ ಒತ್ತಿ ಬಿಟ್ಟು ಓದಿ, ಒಮ್ಮೆ ಎಳೆದು ಬಿಟ್ಟು ಓದಿ, ಎರಡರ ಸರಾಸರಿ ತಗೊಳ್ಳಿ. ಉಜ್ಜಾಟದಿಂದ ಆಗುವ ತಪ್ಪು ಬಹುಪಾಲು ಹೋಗುತ್ತದೆ.

ಮುಂದಿನ ಸರದಿ ತಾಪದ್ದು. ಇಲ್ಲಿ ಜಾಸ್ತಿ ಒದ್ದಾಡಿದೆ. 1 ಮಿ.ಮೀ. ಒಳಬಾಯಿಯ ಗಾಜಿನ ಕೊಳವೆಯ ಒಂದು ತುದಿಯನ್ನು ಉರಿಯಲ್ಲಿ ಕರಗಿಸಿ ಮುಚ್ಚಿದೆ. ಕೊಳವೆಯನ್ನು ಸ್ವಲ್ಪ ಬಿಸಿ ಮಾಡಿ ಇನ್ನೊಂದು ತುದಿಯನ್ನು ಎಣ್ಣೆಗೆ ಅದ್ದಿದರೆ, ಗಾಳಿ ತಣಿಯುತ್ತಾ ಒಂದು ಹನಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಹನಿಯೇ ಪಿಸ್ಟನ್. ಅದರ ಕೆಳಗಿನ ಗಾಳಿ ಹಿಗ್ಗಿದಂತೆ ಹನಿ ಮೇಲೇರುತ್ತದೆ, ಒತ್ತಡ ಮಾತ್ರ ಅಷ್ಟೇ ಇರುತ್ತದೆ. ಕರಗುತ್ತಿರುವ ಮಂಜುಗಡ್ಡೆಯಲ್ಲಿ ಇಟ್ಟಾಗ ಗಾಳಿಯ ಉದ್ದ 100 ಮಿ.ಮೀ. ಇತ್ತು. ಗಾತ್ರ ಸೊನ್ನೆಯಾಗುವ ತಾಪ ಯಾವುದು ಅಂತ, ಸಿರಿಂಜಿನ ಹಾಗೆಯೇ, ಗೆರೆಯನ್ನು ಹಿಂದಕ್ಕೆ ಎಳೆದು ಕಂಡುಹಿಡಿಯುವ ಆಸೆ.

ಮೊದಲ ಸಲ ಬಂದ ಉತ್ತರ −310 ಡಿಗ್ರಿ ಸೆಲ್ಸಿಯಸ್. ನೀರನ್ನು ಜೋರಾಗಿ ಕಾಯಿಸಿದ್ದೆ. ಥರ್ಮಾಮೀಟರ್ ಏರಿದಷ್ಟು ಬೇಗ ಕೊಳವೆಯೊಳಗಿನ ಗಾಳಿ ಬಿಸಿಯಾಗಿರಲಿಲ್ಲ. ಎರಡನೇ ಸಲ 50 ಡಿಗ್ರಿ ದಾಟುತ್ತಿದ್ದಂತೆ ಗೆರೆ ಮೇಲಕ್ಕೆ ಬಾಗಿಬಿಟ್ಟಿತು. ಕೊಳವೆ ತೊಳೆದವನು ಸರಿಯಾಗಿ ಒಣಗಿಸಿರಲಿಲ್ಲ. ಒಳಗೆ ಉಳಿದ ತೇವ ಆವಿಯಾಗಿ ಹನಿಯನ್ನು ತಳ್ಳಿತ್ತು. 80 ಡಿಗ್ರಿಯಲ್ಲಿ ನೀರಾವಿಯ ಒತ್ತಡವೇ 47 ಕಿಲೋಪ್ಯಾಸ್ಕಲ್, ಅಂದರೆ ವಾತಾವರಣದ ಒತ್ತಡದ ಅರ್ಧಕ್ಕೆ ಹತ್ತಿರ. ಒಂದು ಹನಿ ತೇವ ಅಂತ ಬಿಡುವ ಹಾಗಿಲ್ಲ.

ಮೂರನೇ ಸಲ ಕೊಳವೆಯನ್ನು ಚೆನ್ನಾಗಿ ಒಣಗಿಸಿದೆ. ನೀರನ್ನು ಮೊದಲೇ ಕಾಯಿಸಿ ಒಲೆಯಿಂದ ಇಳಿಸಿ, ಕಲಕುತ್ತಾ, ಅದು ನಿಧಾನವಾಗಿ ತಣಿಯುವಾಗ ಓದಿದೆ. ಗೆರೆ −268ಕ್ಕೆ ಬಂತು. ಒಪ್ಪಿದ ಬೆಲೆ −273.15. ಅನಿಲ ಬಿಸಿಗೆ ಎಷ್ಟು ಹಿಗ್ಗುತ್ತದೆ ಅಂತ ಫ್ರೆಂಚ್ ವಿಜ್ಞಾನಿ ಗೇ-ಲ್ಯೂಸಾಕ್ 1802ರಲ್ಲಿ ಕೊಟ್ಟ ಅಂಕಿಯಿಂದ ಲೆಕ್ಕ ಹಾಕಿದರೆ −267 ಬರುತ್ತದೆ. ಅವರೂ ಅನಿಲ ಒಣಗಿರಬೇಕು ಅಂತ ತುಂಬ ಒತ್ತಿ ಹೇಳಿದ್ದರು. ನಿಜವಾದ ಗಾಳಿ ಅಲ್ಲಿಯವರೆಗೆ ಅನಿಲವಾಗಿ ಉಳಿಯುವುದಿಲ್ಲ, −190ರ ಆಸುಪಾಸಿನಲ್ಲೇ ದ್ರವವಾಗಿಬಿಡುತ್ತದೆ. ಆದರೂ ಗೆರೆ ತೋರಿಸುವ ದಿಕ್ಕು ಸರಿ. 20 ಡಿಗ್ರಿಯಿಂದ 40ಕ್ಕೆ ಹೋದರೆ ಬಿಸಿ ಎರಡರಷ್ಟಾಯಿತು ಅಂತ ನಮಗೆ ಅನ್ನಿಸಬಹುದು. ಕೊಳವೆಯಲ್ಲಿ ಗಾಳಿ 107 ಮಿ.ಮೀ.ನಿಂದ 115ಕ್ಕೆ ಹೋಯಿತು, ಅಷ್ಟೇ. ಗಾಳಿಯ ಲೆಕ್ಕದಲ್ಲಿ ಅದು 293ರಿಂದ 313 ಕೆಲ್ವಿನ್. ಕೆಲ್ವಿನ್ ಅಂದರೆ ಆ −273.15ನ್ನೇ ಸೊನ್ನೆ ಅಂತ ಇಟ್ಟುಕೊಂಡು ಡಿಗ್ರಿ ಎಣಿಸುವ ಅಳತೆ.

ಗಾತ್ರ ಬದಲಾಗದಿದ್ದರೆ ಒತ್ತಡವೂ ಕೆಲ್ವಿನ್ ತಾಪದ ಜೊತೆಗೇ ಏರುತ್ತದೆ. ಇದಕ್ಕೆ ಕಾರಿನ ಟೈರ್ ಸಾಕಾಯಿತು. ಟೈರಿನ ಗಾತ್ರ ಹೆಚ್ಚೇನೂ ಬದಲಾಗುವುದಿಲ್ಲ. ಹೊರಡುವ ಮುಂಚೆ ಗೇಜ್ 32 ಪಿಎಸ್‌ಐ (ಒಂದು ಚದರ ಇಂಚಿನ ಮೇಲೆ ಇಷ್ಟು ಪೌಂಡ್ ಭಾರ) ತೋರಿಸಿತು, ಹೊರಗಿನ ತಾಪ 27 ಡಿಗ್ರಿ. ದೂರ ಓಡಿಸಿ ಬಂದು ನೋಡಿದಾಗ 36. ಒಳಗಿನ ಗಾಳಿ ಎಷ್ಟು ಬಿಸಿಯಾಗಿರಬಹುದು?

ಗೇಜ್ ತೋರಿಸುವುದು ವಾತಾವರಣಕ್ಕಿಂತ ಎಷ್ಟು ಜಾಸ್ತಿ ಅನ್ನುವುದನ್ನು ಮಾತ್ರ. ಅದಕ್ಕೆ ವಾತಾವರಣದ 14.7 ಕೂಡಿಸಬೇಕು. 46.7 ಇದ್ದದ್ದು 50.7 ಆಗಿದೆ. 27 ಡಿಗ್ರಿ ಅಂದರೆ 300 ಕೆಲ್ವಿನ್, ಅದೇ ಪ್ರಮಾಣದಲ್ಲಿ ಏರಿಸಿದರೆ ಸುಮಾರು 326. ಅಂದರೆ 53 ಡಿಗ್ರಿ. ಈ ಎರಡನ್ನೂ ಮರೆತು, ಗೇಜಿನ ಅಂಕಿ ಮತ್ತು ಸೆಲ್ಸಿಯಸ್ ಇಟ್ಟುಕೊಂಡು ಲೆಕ್ಕ ಹಾಕಿದರೆ ಬರುವುದು 30. ಬಗ್ಗಿ ಟೈರಿಗೆ ಅಂಗೈ ಇಟ್ಟೆ. 30 ಡಿಗ್ರಿ ಇದ್ದಿದ್ದರೆ ತಣ್ಣಗೆ ಅನ್ನಿಸಬೇಕಿತ್ತು. ಸ್ವಲ್ಪ ಹೊತ್ತಿಗೇ ಕೈ ತೆಗೆಯಬೇಕಾಯಿತು.